ಎಲ್ಲ ಚಲೋ ಐತವ್ವ

“ಕಿರಣ, ನಮ್ಮವ್ವನ ಮುಂದ ಬಾಯಿ ಬಿಟ್ಟೀ ಅಂದ್ರ ನೋಡ ಮತ್ತ!”

ಸುಜಯ ರಸ್ತೆಯಿಂದ ಎದ್ದು ಎಡಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಶಿರಸಿಯ ದೇವಿಕೆರೆ ತಿರುವಿನಲ್ಲಿ ಬ್ರೇಕ್ ಹಿಡಿಯದೆ ಸೈಕಲ್ ಒಂದು ಕಡೆ, ಸವಾರ ಇನ್ನೊಂದು ಕಡೆ!

“ಮಣಿಕಟ್ಟು ಬನ್ನಿನಂಗ ಉಬ್ಬೇತಲ್ಲೋ! ಹೇಳದಿದ್ರ ಹೆಂಗ?” ಎಂದ ಗೆಳೆಯ ಕಿರಣ.

“ಹೇಳಿದ್ರ ಅವ್ವ ಅಳ್ತಾಳ. ಅತ್ರ ಆಕೀಗೆ ಸ್ಟ್ರೋಕ್ ಆಗ್ತೇತಿ.”

ಕಿರಣ ಬಿದ್ದ ಸೈಕಲ್ ಎತ್ತಿ, ಸೊಟ್ಟಗಾದ ಹ್ಯಾಂಡಲ್ ನೆಟ್ಟಗೆ ಮಾಡಿದ. 

ಹೋದ ವರ್ಷ ಬನವಾಸಿ ಹತ್ತಿರದ ಅಜ್ಜಿಯ ಊರಲ್ಲಿ ಅವ್ವ ಒಲೆ ಊದುತ್ತಿದ್ದಳು. ಇದ್ದಕ್ಕಿದ್ದಂತೆ ಊದುಕೊಳವೆ ಕೈಯಿಂದ ಜಾರಿತು, ಮಾತು ತೊದಲಿತು. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತು. “ಪಿತ್ತ ಆಗಿರಬೇಕು” ಎಂದರು ಮನೆಯವರು. ಅಪ್ಪ ಕೇಳಬೇಕಲ್ಲ! ಅಂದೇ ಹುಬ್ಬಳ್ಳಿಗೆ ಕರೆದೊಯ್ದ. ಮಿದುಳಿನ ರಕ್ತನಾಳಗಳು ಕಿರಿದಾಗುತ್ತಿವೆ, ತೀರ ಅಪರೂಪದ ಕಾಯಿಲೆ, ಸ್ಟ್ರೋಕ್ ಆಗುವ ಭಯವಿದೆ ಎಂದರು ಡಾಕ್ಟರು. ಆಪರೇಶನ್ನೂ ಆಯಿತು. ಅವ್ವ ಮನೆಗೆ ಬಂದ ದಿನ ಅಜ್ಜಿ ಪಾರ್ವತವ್ವ ಎಲ್ಲರಿಗೂ ತಾಕೀತು ಮಾಡಿದಳು: “ಆಕಿ ಕಣ್ಣಾಗ ಒಂದು ಹನಿ ನೀರು ಬರಬಾರದು, ಅತ್ರ ಸ್ಟ್ರೋಕ್ ಆಗ್ತೇತಂತ, ನೋಡ್ರಿ!”

ಈ ಮಾತನ್ನು ಬೇರೆ ಯಾರು ಮರೆತರೋ ಏನೋ, ಸುಜಯ ಮಾತ್ರ ಮರೆಯಲಿಲ್ಲ.

ಅದಕ್ಕೂ ಮುಂಚಿನ ಸಂಜೆಗಳು ಎಷ್ಟು ಚೆನ್ನಾಗಿದ್ದವು! ಚೀಲ ಎಸೆದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತರೆ ಸಾಕು, ಯಾರು ಬೈದರು, ಯಾರು ಟಿಫಿನ್ ಕದ್ದರು, ಎಲ್ಲ ಹೊರಬೀಳುತ್ತಿತ್ತು. ಅವ್ವ ರೊಟ್ಟಿ ತಟ್ಟುತ್ತಲೇ ಬಿದ್ದು ಬಿದ್ದು ನಗುವಳು. ತರಚಿದ ಮೊಣಕಾಲಿಗೆ ಉಫ್ ಎಂದು ಊದಿ, “ನೋವು ಕಾಗಿ ಕಚ್ಕೊಂಡು ಹಾರಿಹೋತು!” ಎನ್ನುವಳು. ಈಗ “ಸಾಲ್ಯಾಗ ಏನಾತಪಾ?” ಎಂದು ಆಕೆ ಕೇಳಿದರೆ ಅವನದು ಒಂದೇ ಉತ್ತರ: “ಎಲ್ಲ ಚಲೋ ಐತವ್ವ.” ಮನೆಯಲ್ಲೇ ಇದ್ದರೂ ಆ ಹೊಸ್ತಿಲ ಹರಟೆ ಹುಡುಗನಿಗೆ ಎಷ್ಟು ನೆನಪಾಗುತ್ತಿತ್ತು, ಪಾಪ!

ಆ ಸಂಜೆಯೂ ಅದೇ ಉತ್ತರ ಕೊಟ್ಟ. ಆದರೆ ಅವ್ವ, “ಈ ಪಾತ್ರಿ ಸ್ವಲ್ಪ ಇಳಸಪಾ” ಎಂದಾಗ ಎರಡೂ ಕೈ ಬೇಕಾಯಿತು. “ಯವ್ವಾ!” ಎಂದು ಚೀರಿಯೇಬಿಟ್ಟ.

ಅವ್ವ ಅವನ ತೋಳನ್ನು ಮೆಲ್ಲಗೆ ಹಿಡಿದು ನೋಡಿದಳು. “ಯಾವಾಗ ಬಿದ್ದೀ? ಯಾಕ ಹೇಳಲಿಲ್ಲ?”

“ನೀ ಅತ್ರ ನಿನಗ ಸ್ಟ್ರೋಕ್ ಆಗ್ತೇತಲ್ಲ! ಅಜ್ಜಿ ಹೇಳ್ಯಾಳ.”

ಅವ್ವ ನೆಲದ ಮೇಲೆ ಕುಕ್ಕರಿಸಿದಳು. “ಬಿಕ್ಕಿ ಬಿಕ್ಕಿ ಏದುಸಿರು ಬರೂಹಂಗ ಅಳಬ್ಯಾಡ ಅಂದಾರಪಾ ಡಾಕ್ಟರು, ಏದುಸಿರು ಬಿಟ್ರ ಮಿದುಳಿಗೆ ರಕ್ತ ಕಮ್ಮಿ ಆಗ್ತೇತಂತ. ಜೋರ್ಲೆ ಊದಬ್ಯಾಡ, ಗುಳಿಗಿ ತಪ್ಪಸಬ್ಯಾಡ ಅಂದಾರ. ಮಗನ ಮಾತು ಕೇಳಬ್ಯಾಡ ಅಂದಿಲ್ಲ. ನನ್ನ ಸುಜಯ ಎಲ್ಲಿ ಹೋದ ಅಂತ ವರ್ಷದಿಂದ ಹುಡುಕಾಕ ಹತ್ತೇನಿ ನಾನು.”

ಅಪ್ಪನಿಗೆ ಫೋನ್ ಮಾಡಿ ಆಟೋ ತರಲು ಹೇಳಿದಳು. ಟವೆಲ್‌ನಿಂದ ಅವನ ಕೈಗೆ ಕೊರಳಿನಿಂದ ಜೋಲಿ ಕಟ್ಟಿದಳು.

“ಅಪ್ಪ ಬರೂತನಕ ಹೇಳು. ಏನೇನು ಮುಚ್ಚಿಟ್ಟೀ?”

ಸುಜಯ ಹೇಳಿದ. ಗಣಿತದಲ್ಲಿ ಮಾರ್ಕ್ಸ್ ಕಮ್ಮಿ ಬಂದದ್ದು. ಖೋ-ಖೋ ಟೀಮಿನಿಂದ ಕೈಬಿಟ್ಟದ್ದು. ಆಪರೇಶನ್ ದಿನ ಶಾಲೆಯ ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಂಡು ಒಬ್ಬನೇ ಅತ್ತದ್ದು.

ಅವ್ವನ ಕಣ್ಣಿನಿಂದ ಒಂದು ಹನಿ ಕೆನ್ನೆಗಿಳಿಯಿತು.

 ಸುಜಯ ಹೇಳುವುದನ್ನು ಅಲ್ಲಿಗೇ ಬಿಟ್ಟು ಆಕೆಯ ಮುಖವನ್ನೇ ನೋಡಿದ. ಅವ್ವನ ಬಾಯಿ ಸೊಟ್ಟಗಾಗಿರಲಿಲ್ಲ, ನೆಟ್ಟಗೇ ಇತ್ತು. ಅವನ ಹೆಗಲ ಮೇಲಿದ್ದ ಕೈ ಬಿಗಿಯಾಗಿಯೇ ಇತ್ತು. ಆಕೆ ನಿಧಾನವಾಗಿ ಉಸಿರೆಳೆದು ನಿಧಾನವಾಗಿ ಬಿಟ್ಟಳು. ಸೆರಗಿನಿಂದ ಕೆನ್ನೆ ಒರೆಸಿಕೊಂಡಳು.

“ಆಮ್ಯಾಲ?” ಎಂದಳು.

ಸುಜಯ ಅವಳಿಗೆ ಇನ್ನಷ್ಟು ಒತ್ತಿ ಕೂತು, ಹೇಳತೊಡಗಿದ.