ಹಲಗೆ ಕಿತ್ತ ಗೂಡ್ಸ್ ಡಬ್ಬಿ

"ಕೈ ತೆಗೀರಿ ಅದರ ಮೇಲಿಂದ!"

ವರ್ನಾ ಸ್ಟಾಫರ್ ಮೆಟ್ಟಿಲಿಳಿದು ಬಂದ ರಭಸಕ್ಕೆ ಆಲ್ಟೂನಾ ಊರಿನ ಆಟಿಕೆ ರೈಲು ಕ್ಲಬ್ಬಿನವರೆಲ್ಲ ಕಾಫಿ ಲೋಟ ಹಿಡಿದು ಹಾಗೇ ನಿಂತುಬಿಟ್ಟರು. ಮೇಜಿನ ಬಳಿ ಕೂತಿದ್ದ ಎಮೆಟ್ ಗ್ರಾಬಿಲ್ ಮಾತ್ರ ತಲೆ ಎತ್ತಲಿಲ್ಲ. ತೀರಿಹೋದ ಅವಳ ಅಪ್ಪ ಕೈಯಾರೆ ಮಾಡಿ ಕ್ಲಬ್ಬಿಗೆ ಕೊಟ್ಟಿದ್ದ ಗೂಡ್ಸ್ ಡಬ್ಬಿಗಳಲ್ಲಿ ಒಂದು ಅವನ ಅಂಗೈಯಲ್ಲಿತ್ತು. ಅದರ ಚಾವಣಿಯ ಮೇಲಿನ ನಡೆಹಲಗೆಯನ್ನು ತೆಳ್ಳನೆಯ ಚಾಕುವಿನಿಂದ ಎಬ್ಬಿಸುತ್ತಿದ್ದ.

"ಕ್ಲಬ್ಬಲ್ಲಿ ವೋಟಾಗಿದೆ, ಮಿಸ್ ಸ್ಟಾಫರ್. ಐವತ್ತರ ದಶಕದ ಮಾದರಿ ಮುಗೀತು, ಇನ್ಮೇಲೆ ನಾವು ಮಾಡೋದು ಎಪ್ಪತ್ತರ ದಶಕದ ರೈಲು. ಆಗ ಈ ಹಲಗೆ ಇರಲಿಲ್ಲ. ಡಬ್ಬಿ ಪಕ್ಕದ ಏಣೀನೂ ಮೊಟಕು."

"ಆ ಹಲಗೆ ಕೂರಿಸೋಕೆ ನಮ್ಮಪ್ಪ ಕಣ್ಣು ಹಾಳು ಮಾಡ್ಕೊಂಡ್ರು! ನಿಮಗೇನ್ರೀ ಗೊತ್ತು? ಕಟುಕನ ಕೈಗೆ ಚಾಕು ಕೊಟ್ಟಂಗಾಯ್ತು."

"ಕಟುಕ ಇಷ್ಟು ನಿಧಾನ ಮಾಡಿದ್ರೆ ಅಂಗಡಿ ಮುಚ್ಚಬೇಕಾಗ್ತಿತ್ತು."

ಯಾರೋ ಕಿಸಕ್ಕೆಂದರು. ವರ್ನಾ ತಿರುಗಿ ನೋಡಿದ್ದಕ್ಕೆ ಒಬ್ಬೊಬ್ಬರೇ ಮೇಲಕ್ಕೆ ಜಾರಿಕೊಂಡರು. ಅವಳು ಎದುರಿನ ಕುರ್ಚಿ ಎಳೆದು ಕೂತಳು, ಕಾವಲಿಗೆ ಕೂತಂತೆ.

ಕೂತ ಮೇಲೆ ನೋಡದೆ ಇರುವುದು ಹೇಗೆ? ಹಲಗೆ ಬಿಟ್ಟುಕೊಳ್ಳುವಾಗ ಎಮೆಟ್ ಉಸಿರು ಹಿಡಿಯುತ್ತಿದ್ದ. ಕನ್ನಡಕ ಮೂಗಿನ ತುದಿಗೆ ಇಳಿದಿತ್ತು. ಉಳಿದ ತೂತುಗಳಿಗೆ ಪುಟ್ಟಿ ಮೆತ್ತಿ, ಎಳೆಗೂಸಿನ ತಲೆ ಸವರುವಂತೆ ಬೆರಳಾಡಿಸುತ್ತಿದ್ದ. ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಇಷ್ಟು ಚೆಂದದ ಕೈ ಈ ಸೊಕ್ಕಿನವನಿಗೇ ಯಾಕಿರಬೇಕು!

"ಬೇರೆಯವರದ್ದು ಬಿಟ್ಟು ನಮ್ಮಪ್ಪಂದೇ ಮೊದಲು ಯಾಕೆ? ನನ್ನನ್ನ ಉರಿಸೋಕಾ?"

"ಕ್ಲಬ್ಬಲ್ಲಿರೋ ಒಳ್ಳೇ ಡಬ್ಬಿ ಇವೇ. ಬೇರೆಯವರ ಕೈಗೆ ಸಿಕ್ರೆ ಮುರೀತಾರೆ."

 ಅವಳಿಗೆ ಸೋಲಲು ಮನಸ್ಸಿಲ್ಲ. "ಹಾಗಾದ್ರೆ ಒಂದನ್ನಾದ್ರೂ ಹಳೇ ಥರಾನೇ ಬಿಡಿ."

"ಬಿಡಲ್ಲ."

"ಯಾಕೆ?"

ಎಮೆಟ್ ಚಾಕು ಕೆಳಗಿಟ್ಟ. "ನಮ್ಮಪ್ಪ ಗೂಡ್ಸ್ ಗಾಡೀಲಿ ಬ್ರೇಕಿನ ಕೆಲಸದಲ್ಲಿದ್ರು. ಗಾಡಿ ಓಡ್ತಿರುವಾಗ ಇಂಥದೇ ಹಲಗೆ ಮೇಲೆ ನಡೀಬೇಕು. ಒಂದು ಚಳಿಗಾಲ ಹಲಗೆ ಮೇಲೆ ಹಿಮ ಗಟ್ಟಿ ಕಟ್ಟಿತ್ತು, ಜಾರಿ ಬಿದ್ದೋದ್ರು. ನಾನಾಗ ಒಂದನೇ ಕ್ಲಾಸು. ಆಮೇಲೆ ಎಷ್ಟೋ ವರ್ಷಕ್ಕೆ ಕಂಪನಿಯವರು ಹಲಗೆ ಕಿತ್ತರು. ನಮ್ಮ ಪಾಲಿಗೆ ತಡವಾಗಿತ್ತು."

ಗೋಡೆಯ ಆಚೆ ನಿಜವಾದ ಗೂಡ್ಸ್ ಗಾಡಿಯೊಂದು ಊರು ದಾಟುತ್ತಿತ್ತು. ಅದು ಪೂರ್ತಿ ಹೋಗುವವರೆಗೆ ವರ್ನಾ ಕಿತ್ತ ಹಲಗೆಯನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು.

"ಮೊದಲೇ ಬೊಗಳೋಕೆ ಏನಾಗಿತ್ತು?" ವರ್ನಾಳ ದನಿ ಒರಟಾಗೇ ಇತ್ತು, ಕಣ್ಣು ಮಾತ್ರ ಒದ್ದೆ.

"ನೀನು ಬಯ್ಯೋದು ನಿಲ್ಲಿಸ್ತೀಯ ಅಂತ ಭಯ. ಪ್ರತಿ ಶನಿವಾರ ನಾನಿಲ್ಲಿಗೆ ಬರೋದು ರೈಲಿಗೋಸ್ಕರ ಅಂದ್ಕೊಂಡ್ಯಾ?"

'ನೀನು' ಎಂದದ್ದು ಇಬ್ಬರಿಗೂ ಕೇಳಿಸಿತು. ಅವನ ಕಿವಿ ಕೆಂಪಾಯಿತು. ಅವಳು ಚಾಕು ಕಸಿದುಕೊಂಡು ಇನ್ನೊಂದು ಡಬ್ಬಿ ಎತ್ತಿದಳು.

"ಏಣಿ ಎಲ್ಲಿಗೆ ಕತ್ತರಿಸಬೇಕು?"

ಅವನು ಉಗುರಿನಿಂದ ತೋರಿಸಿದ. ಅಪ್ಪನ ಏಣಿಯನ್ನು ಅವಳೇ ಕತ್ತರಿಸಿದಳು, ಸೊಟ್ಟಗೆ.

"ಕಟುಕಿ," ಅಂದ ಎಮೆಟ್.

"ಬಾಯ್ಮುಚ್ಚು. ಅಪ್ಪನ ಮಿಕ್ಕ ಡಬ್ಬಿಗಳು ಮನೇಲಿವೆ. ನಾಳೆ ಬಾ."

"ಬಯ್ಯೋಕಾ?"

"ಬಯ್ತೀನಿ. ಊಟಾನೂ ಹಾಕ್ತೀನಿ."