ಗಾಳಿಯಂತ್ರದ ಅಂಗಿ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ನಗರಸಭೆಯ ಪರಿಸರ ಇಂಜಿನಿಯರ್ ಠಾಣೆಗೆ ಬಂದು ದೂರು ಕೊಟ್ಟಳು. ವಯಸ್ಸು ಮೂವತ್ತರ ಒಳಗೆ. ಕಣ್ಣು ನೋಡಿದರೆ ಹಿಂದಿನ ರಾತ್ರಿ ನಿದ್ದೆ ಮಾಡಿಲ್ಲವೆಂದು ಯಾರಾದರೂ ಹೇಳಬಹುದಿತ್ತು. ಶಾಲೆ ರಸ್ತೆಯ ಕಂಬದ ಮೇಲೆ ನಗರಸಭೆ ಕೂರಿಸಿದ್ದ ಗಾಳಿ ಅಳೆಯುವ ಯಂತ್ರಕ್ಕೆ ಯಾರೋ ಬಟ್ಟೆಯ ಮುಸುಕು ಹಾಕಿದ್ದಾರೆ, ಎಂದಿನಿಂದ ಎಂದು ತಿಳಿಯದು, ತಪ್ಪಿತಸ್ಥರನ್ನು ಪತ್ತೆಹಚ್ಚಬೇಕು ಎಂಬುದು ದೂರಿನ ಸಾರಾಂಶ.

ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಓದಿದರು. ಕಳವು, ಹೊಡೆದಾಟ, ವಂಚನೆ ಎಲ್ಲ ನೋಡಿದ್ದರು. ಯಂತ್ರಕ್ಕೆ ಮುಸುಕು ಹಾಕಿದ ಕೇಸು ಅವರ ಸರ್ವಿಸಿನಲ್ಲಿ ಇದೇ ಮೊದಲು. ಹಿಂದೆ ನಿಂತು ಇಣುಕಿ ಓದಿದ ಹೆಡ್ ಕಾನ್‌ಸ್ಟೆಬಲ್, ಯಂತ್ರಕ್ಕೂ ನಾಚಿಕೆಯಾಗಿರಬೇಕು ಸಾರ್ ಎಂದ. ಠಾಣೆಯವರೆಲ್ಲ ಅವನನ್ನು ಕರೆಯುತ್ತಿದ್ದುದು ಮಾವ ಎಂದೇ. ಅವನ ಬಾಯಿಗೆ ಬೀಗ ಹಾಕಿದವರು ಇನ್ನೂ ಹುಟ್ಟಿರಲಿಲ್ಲ.

ಇಂಜಿನಿಯರ್ ನಗಲಿಲ್ಲ. ನಗುವ ಸ್ಥಿತಿಯಲ್ಲಿ ಅವಳಿರಲಿಲ್ಲ. ವರ್ಷದ ಹಿಂದೆ ನಗರಸಭೆ ಶಾಲೆ ರಸ್ತೆಯಲ್ಲಿ ಲಾರಿ ಸಂಚಾರ ನಿಲ್ಲಿಸಿತ್ತು. ಮಕ್ಕಳು ಕೆಮ್ಮುತ್ತಿದ್ದರು, ತರಗತಿಯ ಕಿಟಕಿಗಳೆಲ್ಲ ಮಸಿ ಹಿಡಿದಿದ್ದವು. ಕಂಬಕ್ಕೆ ಯಂತ್ರ ಬಂತು, ಅದರ ಕೆಳಗೆ ಗಾಳಿಯ ಗುಣ ತೋರಿಸುವ ದೀಪದ ಫಲಕ ಬಂತು. ಮೊದಮೊದಲು ಫಲಕ ಕೆಂಪಾಗಿಯೇ ಇತ್ತು. ಮೂರನೆಯ ತಿಂಗಳು ಹಸಿರಿಗೆ ತಿರುಗಿ ‘ಉತ್ತಮ’ ಎಂದಿತು, ಆಮೇಲೆ ಅಲ್ಲಾಡಲೇ ಇಲ್ಲ. ಅಧ್ಯಕ್ಷೆ ಈ ಪ್ರಗತಿಯನ್ನು ಹೋದ ವೇದಿಕೆಯಲ್ಲೆಲ್ಲ ಹೇಳಿಕೊಂಡರು. ನಗರಸಭೆಗೆ ಪ್ರಶಸ್ತಿಯೂ ಬಂತು. ಆದರೆ ನಿನ್ನೆ, ಭಾನುವಾರ, ಮಾರುಕಟ್ಟೆ ಹಿಂದಿನ ಕಸದ ಗುಡ್ಡೆಗೆ ಬೆಂಕಿ ಬಿದ್ದು ಬೀದಿಯೆಲ್ಲ ಹೊಗೆ ತುಂಬಿತು. ಪಕ್ಕದಲ್ಲಿ ನಿಂತವರ ಮುಖ ಕಾಣದು, ಜನ ಕೆಮ್ಮಿ ಕೆಮ್ಮಿ ಸುಸ್ತಾದರು, ಫಲಕ ಮಾತ್ರ ‘ಉತ್ತಮ’ ಎನ್ನುತ್ತಲೇ ಇತ್ತು. ಜನ ಅದರ ಫೋಟೊ ತೆಗೆದರು. ಇಂಜಿನಿಯರ್ ಓಡಿ ಬಂದು ಏಣಿ ಹತ್ತಿ ನೋಡಿದಾಗ ಮುಸುಕು ಕಂಡಿತು.

ಪ್ರಗತಿ ತೋರಿಸಿ ಹೆಸರು ಮಾಡಲು ನಿನ್ನ ವಿಭಾಗದವರೇ ಮಾಡಿದ್ದು ಎಂದು ಅಧ್ಯಕ್ಷೆ ಹೇಳಿಬಿಟ್ಟಿದ್ದರು. ಶುಕ್ರವಾರದೊಳಗೆ ಬೇರೆ ಯಾರೂ ಸಿಗದಿದ್ದರೆ ಅವಳು ಅಮಾನತು.

“ನಾನು ಮಾಡಿಲ್ಲ ಸಾರ್,” ಎಂದಳು. “ಆದ್ರೆ ಮಾಡಿಲ್ಲ ಅನ್ನೋದನ್ನ ಹೇಗೆ ತೋರ್ಸೋದು?”

“ಮುಸುಕು ಎಲ್ಲಿದೆ?”

“ಕಂಬದ ಮೇಲೇ ಇದೆ. ನಾನು ಮುಟ್ಟಿಲ್ಲ.”

ಅಪರಾಧಿಗಳು ಸಾಕ್ಷ್ಯವನ್ನು ಅಷ್ಟು ಜೋಪಾನ ಮಾಡುವುದಿಲ್ಲ ಎಂದುಕೊಂಡು ಇನ್‌ಸ್ಪೆಕ್ಟರ್ ಹನ್ನೊಂದಕ್ಕೆ ಎಫ್‌ಐಆರ್ ದಾಖಲಿಸಿದರು.

ಮಧ್ಯಾಹ್ನ ಸ್ಥಳ ಪಂಚನಾಮೆ. ಪಂಚರಾಗಿ ಶಾಲೆಯ ಕಾವಲುಗಾರ ಮತ್ತು ಎದುರಿನ ಪುಸ್ತಕದಂಗಡಿಯವನು. ಮಹಿಳಾ ಕಾನ್‌ಸ್ಟೆಬಲ್ ಏಣಿ ಹತ್ತಿ ಮುಸುಕನ್ನು ಬಿಚ್ಚಿ ತಂದಳು. ಬಿಳಿ ಹತ್ತಿ ಬಟ್ಟೆ, ಎರಡು ಪದರ. ಗಾಳಿ ಎಳೆಯುವ ಬಾಯಿಯ ಅಳತೆಗೆ ಸರಿಯಾಗಿ ಹೊಲಿದದ್ದು, ಕೆಳಗೆ ಲಾಡಿ. ವರ್ಷದ ಧೂಳು ಇರಬೇಕಾದಲ್ಲಿ, ನಿನ್ನೆಯ ಹೊಗೆಯ ಮಸಿ ಬಿಟ್ಟರೆ, ನಾಲ್ಕು ದಿನದ ಧೂಳಿತ್ತು, ಮಿಕ್ಕಂತೆ ಒಗೆದು ಇಸ್ತ್ರಿ ಮಾಡಿದ ಹಾಗೆ ಅಚ್ಚುಕಟ್ಟು. ಅಂದರೆ ಹಾಕಿದವನು ಆಗಾಗ ಬಂದು ಬದಲಿಸುತ್ತಿದ್ದಾನೆ.

ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಎರಡು ತೋಳು ಇಟ್ಟಿದ್ದರೆ ತಾನೇ ಹಾಕಿಕೊಳ್ಳುತ್ತಿದ್ದೆ ಎಂದ.

ಮಧ್ಯಾಹ್ನದ ನಂತರ ನಗರಸಭೆಯಲ್ಲಿ ವಿಚಾರಣೆ. ಬೇಲಿಯೇ ಎದ್ದು ಹೊಲ ಮೇಯುವುದು ಹೊಸದೇನಲ್ಲ, ಹಾಗಾಗಿ ಇನ್‌ಸ್ಪೆಕ್ಟರ್ ಅಧ್ಯಕ್ಷೆಯ ಅನುಮಾನವನ್ನು ತಳ್ಳಿಹಾಕಲಿಲ್ಲ. ಪರಿಸರ ವಿಭಾಗವೆಂದರೆ ಎರಡು ಮೇಜು, ಒಂದು ಕಂಪ್ಯೂಟರ್, ಇಂಜಿನಿಯರ್ ಮತ್ತು ಒಬ್ಬ ಗುಮಾಸ್ತ. ಗುಮಾಸ್ತನಿಗೆ ಮಂಡಿನೋವು, ಮೊದಲ ಮಹಡಿ ಹತ್ತಲೇ ಎರಡು ಕಡೆ ನಿಲ್ಲುತ್ತಿದ್ದ. ಲಾರಿ ಮಾಲೀಕರ ಸಂಘದವರನ್ನೂ ಕರೆಸಿದ್ದಾಯಿತು. ಹೊರರಸ್ತೆಯಲ್ಲಿ ಡೀಸೆಲ್ ಉಳಿಯುತ್ತದೆ, ನಮಗೆ ಆ ಬೀದಿಯೇ ಬೇಡ ಎಂದರು ಅವರು.

“ಕಂಬ ಹತ್ತೋಕೆ ಏಣಿ ಎಲ್ಲಿಂದ ತರ್ತೀರಿ?” ಇನ್‌ಸ್ಪೆಕ್ಟರ್ ಇಂಜಿನಿಯರನ್ನು ಕೇಳಿದರು.

“ನಮ್ಮ ವಿಭಾಗಕ್ಕೆ ಏಣಿ ಇಲ್ಲ ಸಾರ್. ಕೇಳಿ ವರ್ಷ ಆಯ್ತು.”

“ಮತ್ತೆ ನಿನ್ನೆ?”

“ಆ ಬೀದಿ ಟೈಲರ್ ಹತ್ರ ಇಸ್ಕೊಂಡೆ. ಕೆಳಗೆ ಹಿಡ್ಕೊಂಡಿದ್ದೂ ಅವ್ರೇ.”

ಟೈಲರ್ ಬಳಿ ಏಣಿ ಏಕೆ ಎಂದರೆ, ಅದಕ್ಕೂ ನಗರಸಭೆಯೇ ಕಾರಣ. ಹವಾಮಾನ ಯೋಜನೆಯಡಿ ಪ್ಲಾಸ್ಟಿಕ್ ಬ್ಯಾನರುಗಳನ್ನು ನಿಷೇಧಿಸಿದ ಮೇಲೆ ಬಟ್ಟೆಯ ಬ್ಯಾನರ್ ಹೊಲಿದು ಕಂಬಗಳಿಗೆ ಕಟ್ಟುವ ಕೆಲಸ ಅವನಿಗೆ ಸಿಕ್ಕಿತ್ತು.

ಸಂಜೆ ಇನ್‌ಸ್ಪೆಕ್ಟರ್ ಕ್ವಾರ್ಟರ್ಸಿಗೆ ಹೋಗಿ ದೀಪ ಹಾಕಿದರು. ಅವರ ಹೆಂಡತಿ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್. ವರ್ಗಾವಣೆಯ ಅರ್ಜಿ ಹಾಕಿ ಎರಡು ವರ್ಷವಾಗಿತ್ತು. ದಿನವೂ ಈ ಹೊತ್ತಿಗೆ ಫೋನು ಬರುತ್ತದೆ, ಊಟ ಆಯಿತಾ ಎಂದು ಅವಳು ಕೇಳುತ್ತಾಳೆ, ಆಯಿತು ಎಂದು ಇವರು ಸುಳ್ಳು ಹೇಳುತ್ತಾರೆ. ಸುಳ್ಳೆಂದು ಅವಳಿಗೂ ಗೊತ್ತು. ಫೋನು ಇಟ್ಟ ಮೇಲಿನ ಐದು ನಿಮಿಷ ದಿನದಲ್ಲೇ ಕಷ್ಟದ ಐದು ನಿಮಿಷ. ಮನೆಯಲ್ಲಿ ಇನ್ನೊಬ್ಬರ ಪಾತ್ರೆ ಸದ್ದಾದರೂ ಸಾಕು ಅನ್ನಿಸುತ್ತಿತ್ತು. ಆ ಹೊತ್ತನ್ನು ಕಳೆಯಲು ಅವರು ಯೂನಿಫಾರ್ಮ್ ಒಗೆಯುವುದನ್ನು ರೂಢಿ ಮಾಡಿಕೊಂಡಿದ್ದರು.

ಅಂದು ಅಂಗಿಯನ್ನು ಒಳಹೊರಗು ಮಾಡಿ ಬಕೆಟ್ಟಿಗೆ ಹಾಕುವಾಗ ಕೈ ತಡೆಯಿತು. ಕಂಕುಳ ಕೆಳಗಿನ ಒಳಹೊಲಿಗೆಯನ್ನು ಎರಡು ಸಲ ಮಡಚಿ, ಬಟ್ಟೆಯ ಅಂಚು ಒಂದೆಳೆಯೂ ಕಾಣದಂತೆ ಮುಚ್ಚಿ ಹೊಲಿಯಲಾಗಿತ್ತು. ಮುಸುಕಿನ ಒಳಗೂ ಅದೇ ಮಡಿಕೆ. ಆ ಅಂಗಿ ಹೊಲಿದವನು ಶಾಲೆ ರಸ್ತೆಯ ಟೈಲರ್. ಬೇರೆ ಯಾರಾದರೂ ಆಗಿದ್ದರೆ ಯಂತ್ರಕ್ಕೆ ಒಂದು ಚಿಂದಿ ಸುತ್ತಿ ದಾರ ಬಿಗಿದು ಇಳಿದು ಬರುತ್ತಿದ್ದರು. ಕದ್ದು ಮಾಡುವ ಕೆಲಸದಲ್ಲೂ ಒಳಹೊಲಿಗೆ ಚೆಂದವಿರಬೇಕೆನ್ನುವ ಮನುಷ್ಯ ಊರಿಗೆ ಒಬ್ಬನೇ.

ಮಂಗಳವಾರ ಬೆಳಿಗ್ಗೆ ಮಹಿಳಾ ಕಾನ್‌ಸ್ಟೆಬಲ್ ಬೀದಿಯ ಉದ್ದಕ್ಕೂ ವಿಚಾರಿಸಿದಳು. ಕಂಬ ಹತ್ತಿದವರನ್ನು ಯಾರೂ ನೋಡಿರಲಿಲ್ಲ. ಯಾರೆಂದರೆ ಯಾರೂ ಇಲ್ಲವೇ ಎಂದು ಒತ್ತಿ ಕೇಳಿದಾಗ, ಬ್ಯಾನರ್ ಅಣ್ಣನನ್ನು ಬಿಟ್ಟರೆ ಇಲ್ಲ ಎಂದರು. ವಾರಕ್ಕೊಮ್ಮೆ ಹಾಡುಹಗಲಲ್ಲಿ ಎಲ್ಲರ ಕಣ್ಣೆದುರೇ ಹತ್ತಿ ಇಳಿದವನನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಹನ್ನೊಂದೂವರೆಗೆ ಇನ್‌ಸ್ಪೆಕ್ಟರ್ ಮತ್ತು ಮಾವ ಅಂಗಡಿಗೆ ಹೋದರು. ಚಿಕ್ಕ ಅಂಗಡಿ, ಒಂದೇ ಹೊಲಿಗೆ ಯಂತ್ರ. ಬೇರೆ ಟೈಲರುಗಳು ಬೆಳಕು ಬೆನ್ನಿಗೋ ಪಕ್ಕಕ್ಕೋ ಬೀಳುವಂತೆ ಕೂರುತ್ತಾರೆ, ಇವನು ಮುಖವನ್ನು ರಸ್ತೆಗೇ ಮಾಡಿ ಕೂತಿದ್ದ. ನಲವತ್ತರ ಆಸುಪಾಸು. ಇವರನ್ನು ಕಂಡು ಎದ್ದು ಸ್ಟೂಲು ಒರೆಸಿ ಕೊಟ್ಟ. ದೂರದಲ್ಲಿ ಎಲ್ಲೋ ದೊಡ್ಡ ಇಂಜಿನ್ನಿನ ಸದ್ದು ಕೇಳಿದಾಗ ಕತ್ತು ಎತ್ತಿ ನೋಡಿದ. ನೀರಿನ ಟ್ಯಾಂಕರ್ ತಿರುಗಿ ಹೋಯಿತು. ಕತ್ತು ಇಳಿಸಿದ.

ಇನ್‌ಸ್ಪೆಕ್ಟರ್ ಮುಸುಕನ್ನು ಮೇಜಿನ ಮೇಲಿಟ್ಟರು.

“ಇದು ಯಾರ ಕೈಕೆಲಸ ಮಾಸ್ಟ್ರೇ?”

ಟೈಲರ್ ಅದನ್ನು ಮುಟ್ಟಲಿಲ್ಲ. “ನಂದೇ ಸಾರ್.”

“ಎಷ್ಟು ಹೊಲಿದಿದ್ದೀರಿ?”

“ಎರಡು. ಒಂದು ಒಗೆಯೋಕೆ, ಒಂದು ಹಾಕೋಕೆ.”

“ಯಾರು ಹೇಳಿ ಮಾಡ್ಸಿದ್ರು?”

“ಯಾರೂ ಇಲ್ಲ.”

“ಭಾನುವಾರ ಏಣಿ ಕೇಳಿದಾಗ ಯಾಕೆ ಕೊಟ್ರಿ? ಇಲ್ಲ ಅನ್ನಬಹುದಿತ್ತು.”

“ಆ ಹುಡುಗಿ ಅಳ್ತಾ ಬಂದ್ಲು ಸಾರ್. ಹೇಗೆ ಇಲ್ಲ ಅನ್ಲಿ?”

ಆಮೇಲೆ ಕೇಳುವುದಕ್ಕೇನೂ ಉಳಿಯಲಿಲ್ಲ, ಅವನೇ ಹೇಳಿದ. ಅವನ ಹೆಂಡತಿ ಲಾರಿ ಡ್ರೈವರ್. ಬಂದರಿನಿಂದ ಗೋದಾಮಿಗೆ ಸರಕು ಸಾಗಿಸುವ ಕಂಪನಿಯಲ್ಲಿ ಕೆಲಸ. ನಿದ್ದೆ, ಊಟ ಎಲ್ಲ ಲಾರಿಯಲ್ಲೇ, ಮನೆಗೆ ಬರುವುದು ತಿಂಗಳಿಗೊಮ್ಮೆ, ಅದೂ ರಾತ್ರಿ ಬಂದು ಮಲಗಿ ಬೆಳಗಾಗುವ ಮುಂಚೆ ಹೊರಡುವುದು. ಆದರೆ ದಾರಿ ಈ ಬೀದಿಯಲ್ಲೇ ಹಾದುಹೋಗುತ್ತಿತ್ತು. ಲಾರಿ ಎಲ್ಲಿ ನಿಂತರೂ ಕಂಪನಿಯ ಪರದೆಯಲ್ಲಿ ಕಾಣುತ್ತದೆ, ಕೂಡಲೇ ಫೋನು ಬರುತ್ತದೆ. ಶಾಲೆ ರಸ್ತೆಯಲ್ಲಿ ಮಾತ್ರ ಸದಾ ವಾಹನಗಳ ಜಂಗುಳಿ, ಹತ್ತು ನಿಮಿಷ ನಿಂತರೂ ಸಂದಣಿಯಲ್ಲಿ ಸಿಕ್ಕಿಕೊಂಡಿದ್ದಾಳೆ ಎಂದು ಕಂಪನಿಯವರು ಅಂದುಕೊಳ್ಳುತ್ತಿದ್ದರು. ಆ ಹತ್ತು ನಿಮಿಷಕ್ಕಾಗಿ ಅವನು ಡಬ್ಬಿ ಕಟ್ಟಿ ಕಾಯುತ್ತಿದ್ದ. ಎರಡನೆಯ ತರಗತಿಯ ಮಗಳು ಶಾಲೆಯ ಗೇಟಿನಿಂದ ಓಡಿ ಬಂದು ಕ್ಯಾಬಿನ್ ಏರಿ ತಾಯಿಯ ಪಕ್ಕ ಕೂರುತ್ತಿದ್ದಳು. ಹೊಗೆಯಿತ್ತು, ಹಾರನ್ನಿನ ಗಲಾಟೆಯಿತ್ತು. ತನ್ನ ಸಂಸಾರ ನಡೆದದ್ದು ಆ ಹೊಗೆಯಲ್ಲೇ ಎಂದ.

ಬೀದಿಯಲ್ಲಿ ಲಾರಿ ಸಂಚಾರ ನಿಂತಾಗ ಎಲ್ಲವೂ ನಿಂತಿತು. ಹೊರರಸ್ತೆ ಖಾಲಿ ರಸ್ತೆ, ಅಲ್ಲಿ ಅರೆಗಳಿಗೆ ನಿಲ್ಲಿಸಿದರೂ ಸಿಕ್ಕಿಬೀಳುತ್ತಾಳೆ. ನಗರಸಭೆಯ ಸೂಚನಾ ಬ್ಯಾನರನ್ನು ಹೊಲಿದವನೂ ಕಟ್ಟಿದವನೂ ಇವನೇ. ‘ಗಾಳಿ ಶುದ್ಧವಾಗುವವರೆಗೆ ಲಾರಿಗಳಿಗೆ ಪ್ರವೇಶವಿಲ್ಲ’ ಎಂದು ಅದರಲ್ಲಿತ್ತು. ಶುದ್ಧವಾದ ಮೇಲೆ ಬಿಡುತ್ತಾರೆ ಎಂದುಕೊಂಡ. ಎರಡು ತಿಂಗಳು ಕಾದ. ಫಲಕ ಕೆಂಪಿಗೇ ಅಂಟಿಕೊಂಡಿತ್ತು. ಒಂದು ದಿನ ಬ್ಯಾನರ್ ಕಟ್ಟಲು ಹತ್ತಿದಾಗ ಯಂತ್ರದ ಬಾಯಿ ಕೈಗೆಟುಕುವಷ್ಟು ಹತ್ತಿರವಿತ್ತು, ಅಳತೆ ತೆಗೆದುಕೊಂಡ.

ಅವನ ಲೆಕ್ಕ ಅಲ್ಲೇ ತಪ್ಪಿತು. ಗಾಳಿ ಶುದ್ಧವಾದದ್ದನ್ನು ಕಂಡ ನಗರಸಭೆ, ಲಾರಿ ನಿಲ್ಲಿಸಿದ್ದರಿಂದಲೇ ಇಷ್ಟು ಪ್ರಗತಿ ಎಂದು ಕಳೆದ ತಿಂಗಳ ಸಭೆಯಲ್ಲಿ ನಿಷೇಧವನ್ನು ಶಾಶ್ವತ ಮಾಡಿಬಿಟ್ಟಿತು. ಆ ಬ್ಯಾನರನ್ನೂ ಅವನೇ ಹೊಲಿಯಬೇಕಾಯಿತು.

“ಆಗ್ಲಾದ್ರೂ ತೆಗೀಬಹುದಿತ್ತಲ್ಲ?” ಮಾವ ಕೇಳಿದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

“ತೆಗೆದ್ರೆ ಗಾಳಿ ಕೆಟ್ಟಿದೆ ಅಂತ ಲಾರಿ ಬಿಡಲ್ಲ. ಇಟ್ರೆ ಗಾಳಿ ಚೆನ್ನಾಗಿದೆ ಅಂತ ಬಿಡಲ್ಲ. ನಾನೇನ್ ಮಾಡ್ಲಿ ಅಣ್ಣ?”

ಅಡಕತ್ತರಿಯಲ್ಲಿ ಸಿಕ್ಕವನಿಗೆ ಉತ್ತರ ಹೇಳುವುದು ಪೊಲೀಸರ ಕೆಲಸವಲ್ಲ. ಆದರೂ ಇನ್‌ಸ್ಪೆಕ್ಟರ್ ಒಂದು ಮಾತು ಕೇಳಲೇಬೇಕಿತ್ತು. “ಗಾಳಿ ಕೆಟ್ಟಿದ್ದಾಗ ಮಕ್ಕಳನ್ನ ಒಳಗೇ ಕೂರ್ಸೋದು ಈ ಫಲಕ ನೋಡಿ. ಅದು ಗೊತ್ತಿತ್ತಾ ನಿಮಗೆ?”

ಟೈಲರ್ ಶಾಲೆಯ ಗೇಟಿನ ಕಡೆ ನೋಡಿದ. “ನಮ್ಮ ಮಗಳೂ ಅಲ್ಲೇ ಆಡ್ತಾಳೆ ಸಾರ್. ಗೊತ್ತಿದ್ದೂ ಮಾಡ್ದೆ. ಅವಳಮ್ಮನ್ನ ನೋಡ್ಬೇಕು ಅನ್ನೋದು ಅಷ್ಟು ದೊಡ್ಡದಾಗಿತ್ತು.”

ಹೇಳಿಕೆ ಬರೆಸಿಕೊಂಡು ಸಂಜೆ ಐದಕ್ಕೆ ದಸ್ತಗಿರಿ. ಎರಡನೆಯ ಮುಸುಕು ಅಂಗಡಿಯ ಹಿಂದಿನ ತಂತಿಯ ಮೇಲೆ ಒಣಗುತ್ತಿತ್ತು, ಅದನ್ನೂ ಪಂಚರ ಮುಂದೆ ವಶಪಡಿಸಿಕೊಂಡರು. ಸುದ್ದಿ ತಿಳಿದ ಇಂಜಿನಿಯರ್ ಠಾಣೆಗೆ ಬಂದಳು. ಅವಳ ಕೆಲಸ ಉಳಿದಿತ್ತು, ಆದರೂ ಮುಖ ಅರಳಲಿಲ್ಲ. ಮುಸುಕು ತೆಗೆದ ಮೇಲಿನ ಅಳತೆ ಬಂದಿತ್ತು. ಬೆಂಕಿಯ ಹೊಗೆ ಹರಿದ ಮೇಲೆ ಫಲಕ ಹಸಿರಿಗೂ ಹೋಗಲಿಲ್ಲ, ಮೊದಲಿನ ಕೆಂಪಿಗೂ ಹೋಗಲಿಲ್ಲ, ಹಳದಿಗೆ ನಿಂತಿತ್ತು. ಗಾಳಿ ನಿಜವಾಗಿಯೇ ಸುಧಾರಿಸಿದೆ, ಸ್ವಲ್ಪ, ಹೇಳಿಕೊಂಡು ಮೆರೆಯುವಷ್ಟಲ್ಲ ಎಂದಳು.

“ಹಾಗಾದ್ರೆ ಲಾರಿ?” ಇನ್‌ಸ್ಪೆಕ್ಟರ್ ಕೇಳಿದರು.

“ಬಿಡೋಕಾಗಲ್ಲ ಸಾರ್. ಬಿಡ್ಬಾರ್ದು ಕೂಡ.” ಅವಳು ಲಾಕಪ್ಪಿನ ಕಡೆ ನೋಡಲಿಲ್ಲ.

ಜಾಮೀನು ಕೊಡಬಹುದಾದ ಅಪರಾಧ. ಆದರೆ ಯಾರಾದರೂ ಬಂದು ಹೊಣೆ ನಿಲ್ಲಬೇಕು. ತನಗೆ ಹೆಂಡತಿಯ ಹೊರತು ಯಾರೂ ಇಲ್ಲ ಎಂದ ಟೈಲರ್. ಆ ರಾತ್ರಿ ಮಗಳನ್ನು ಮಾವನ ಹೆಂಡತಿ ಮನೆಗೆ ಕರೆದೊಯ್ದಳು. ಇನ್‌ಸ್ಪೆಕ್ಟರ್ ತಾವೇ ಕಂಪನಿಗೆ ಫೋನು ಮಾಡಿ, ನಿಮ್ಮ ಡ್ರೈವರ್ ಠಾಣೆಗೆ ಹಾಜರಾಗಬೇಕು ಎಂದು ತಿಳಿಸಿದರು.

ಅವಳು ಬಂದದ್ದು ಬುಧವಾರ ಮಧ್ಯಾಹ್ನ. ಶಾಲೆ ರಸ್ತೆಯ ತುದಿಯ ತಡೆಗಂಬದಾಚೆ ಲಾರಿ ನಿಲ್ಲಿಸಿ ನಡೆದು ಬಂದಿದ್ದಳು. ಗಟ್ಟಿ ಮೈಕಟ್ಟು, ಲಾರಿ ಕಿಟಕಿಯ ಬಿಸಿಲಿಗೆ ಒಂದು ಕೈ ಮಾತ್ರ ಹೆಚ್ಚು ಕಪ್ಪಾಗಿತ್ತು. ಗಂಡನನ್ನು ಹೊರಗಿನ ಬೆಂಚಿಗೆ ಕರೆತಂದರು. ಅವಳು ಬೈಯುತ್ತಾಳೆಂದು ಠಾಣೆಯವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡಿದ್ದರು. ಬೈಯಲಿಲ್ಲ. ಎಷ್ಟು ಸೊರಗಿದ್ದೀರಿ ಎಂದು ಮಾತ್ರ ಹೇಳಿ ಪಕ್ಕದಲ್ಲಿ ಕೂತಳು. ಅವಳ ಫೋನು ಬಡಿದುಕೊಳ್ಳುತ್ತಲೇ ಇತ್ತು.

“ಸ್ಟೇಷನ್ನಲ್ಲಿದ್ದೀನಿ,” ಎಂದಳು ಫೋನಿಗೆ. “ಎಷ್ಟೊತ್ತಾಗುತ್ತೋ ಗೊತ್ತಿಲ್ಲ. ಪೊಲೀಸರು ಬಿಡ್ಬೇಕಲ್ಲ?”

ಒಳಗೆ ಇನ್‌ಸ್ಪೆಕ್ಟರ್ ಪ್ರಕರಣದ ಟಿಪ್ಪಣಿ ಬರೆಯುತ್ತಿದ್ದರು. ಅಪರಾಧದ ಉದ್ದೇಶ ಎಂಬಲ್ಲಿ ಬಂದು ನಿಂತರು. ಲಾಭವಿರಲಿಲ್ಲ, ದ್ವೇಷವಿರಲಿಲ್ಲ. ಕೊನೆಗೆ ‘ಹೆಂಡತಿಯನ್ನು ನೋಡಬೇಕೆಂಬ ಹಂಬಲ’ ಎಂದು ಬರೆದರು. ಮೇಲಿನವರು ಇದನ್ನು ಹೊಡೆದುಹಾಕುತ್ತಾರೆಂದು ಗೊತ್ತಿತ್ತು, ಆದರೂ ಬದಲಿಸಲಿಲ್ಲ.

ಜಾಮೀನಿನ ಕಾಗದ ಸಿದ್ಧವಾಗಿ ಒಂದು ಗಂಟೆಯಾಗಿತ್ತು. ಅವರ ಸಹಿಯೊಂದೇ ಬಾಕಿ. ಕಿಟಕಿಯಿಂದ ಬೆಂಚು ಕಾಣುತ್ತಿತ್ತು. ಇಬ್ಬರೂ ಮಾತಾಡುತ್ತಿರಲಿಲ್ಲ, ಸುಮ್ಮನೆ ಕೂತಿದ್ದರು. ಆ ವರ್ಷ ಅವರು ಒಟ್ಟಿಗೆ ಅಷ್ಟು ಹೊತ್ತು ಕೂತದ್ದು ಅದೇ ಮೊದಲಿರಬೇಕು. ಇನ್‌ಸ್ಪೆಕ್ಟರ್ ಮಾವನನ್ನು ಕರೆದು, ಶಾಲೆ ಬಿಟ್ಟ ಕೂಡಲೇ ಮಗುವನ್ನು ಇಲ್ಲಿಗೆ ಕರೆದುಕೊಂಡು ಬಾ ಎಂದರು. ಶಾಲೆ ಬಿಡಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಮಾವ ಕಾಗದದ ಕಡೆ ನೋಡಿ, ಸಹಿ ಯಾವಾಗ ಸಾರ್ ಎಂದು ಕೇಳಿದ. ಮಗು ಬಂದು ಅಮ್ಮನ ಹತ್ತಿರ ಸ್ವಲ್ಪ ಹೊತ್ತು ಕೂತುಕೊಳ್ಳಲಿ, ಆಮೇಲೆ ಹಾಕುತ್ತೇನೆ ಎಂದರು ಇನ್‌ಸ್ಪೆಕ್ಟರ್.