ಛತ್ರದ ಹಿತ್ತಾಳೆ ಕೊಳಗ

ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ಹೊಸೂರಿನ ಠಾಣೆಗೆ ಬಂದ ಸುಬ್ಬರಾಮ, ಕುರ್ಚಿ ಕೊಟ್ಟರೂ ಕೂರಲಿಲ್ಲ. ಬೀದಿಯಲ್ಲಿ ಮಲಗುವವರಿಗೆ ದೇವಸ್ಥಾನದ ಛತ್ರದಲ್ಲಿ ಜಾಗ ಮಾಡಿಸಿದವರು ಅವರೇ. ಶುಕ್ರವಾರ ದರ್ಗಾದ ಊಟ, ಭಾನುವಾರ ಚರ್ಚಿನದು, ಉಳಿದ ದಿನ ಛತ್ರದ ಅಡುಗೆ. ಮೂರೂ ಕಡೆಯವರನ್ನು ಒಪ್ಪಿಸುವಷ್ಟರಲ್ಲಿ ಅವರ ಚಪ್ಪಲಿ ಸವೆದಿತ್ತು. ಈಗ ಅನ್ನ ಬಡಿಸುವ ಹಿತ್ತಾಳೆ ಕೊಳಗ ಕಳುವಾಗಿತ್ತು. ಕಳ್ಳರನ್ನು ಸಾಕುವುದು ಬೇಡ, ಸಂಜೆಯೊಳಗೆ ಛತ್ರಕ್ಕೆ ಬೀಗ ಹಾಕಿ ಎಂದು ದೇವಸ್ಥಾನದ ಟ್ರಸ್ಟಿನವರು ಹಟ ಹಿಡಿದಿದ್ದರು.

ಇನ್‌ಸ್ಪೆಕ್ಟರ್ ಉಷಾರಾಣಿ ಎಫ್‌ಐಆರ್ ದಾಖಲಿಸಿ ಸ್ಥಳಕ್ಕೆ ಹೋದರು. ಪಂಚನಾಮೆಯಲ್ಲಿ ತಿಳಿದದ್ದು ಇಷ್ಟು: ಹಿತ್ತಲ ಬಾಗಿಲ ಚಿಲಕವನ್ನು ಒಳಗಿನಿಂದಲೇ ತೆಗೆಯಲಾಗಿದೆ. ಉಷಾರಾಣಿಗೆ ಬೇಸರವಾಯಿತು. ಕದ್ದವರು ಒಳಗಿನವರೇ ಆದರೆ ಟ್ರಸ್ಟಿನವರ ಮಾತೇ ಗೆದ್ದಂತೆ.

ಕಾನ್‌ಸ್ಟೇಬಲ್ ಕೆಂಪರಾಜು ಊರಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಬರಿಗೈಯಲ್ಲಿ ಬಂದ. ಮಾರುವುದಕ್ಕಲ್ಲದಿದ್ದರೆ ಅಷ್ಟು ದೊಡ್ಡ ಕೊಳಗ ಯಾರಿಗೆ ಬೇಕು? ಕಳೆದ ತಿಂಗಳು ಆ ಕೊಳಗ ದಾನವಾಗಿ ಬಂದ ಮೇಲೆ ಇಲ್ಲಿ ಯಾರಾದರೂ ಬದಲಾಗಿದ್ದಾರೆಯೇ ಎಂದು ಉಷಾರಾಣಿ ಅಡುಗೆಯ ಶಾಂತಾಬಾಯಿಯನ್ನು ಕೇಳಿದರು. ಸೂಳಗಿರಿಯ ಬಚ್ಚಪ್ಪ ಎಂಬವನು, ತೀರಿಹೋದ ತನ್ನ ತಾಯಿಯ ಹೆಸರು ಕೆತ್ತಿಸಿ, ಪೂಜೆ ಮಾಡಿಸಿ ಅದನ್ನು ಕೊಟ್ಟಿದ್ದ.

"ಮೂಲೇಲಿ ಮಲಗೋ ಅಜ್ಜಿ ಆವತ್ತಿಂದ ಇಲ್ಲಿನ ಅಡುಗೆ ಉಣ್ಣಲ್ಲ ಮೇಡಮ್. ಶುಕ್ರವಾರ, ಭಾನುವಾರ ಮಾತ್ರ ಉಣ್ತದೆ. ಮಡಿ ಇರ್ಬೇಕು ಅಂದ್ಕೊಂಡೆ."

"ಮಡಿಯೋರು ದರ್ಗಾ ಊಟ ಉಣ್ತಾರಾ?"

ಶಾಂತಾಬಾಯಿ ಮೂಲೆಯ ಕಡೆ ಕೈ ತೋರಿಸಿದಳು.

ಮೂಲೆಯಜ್ಜಿ ಕಂಬಕ್ಕೊರಗಿ ಕೂತಿದ್ದಳು. ಉಷಾರಾಣಿ ಪಕ್ಕದಲ್ಲೇ ನೆಲದ ಮೇಲೆ ಕೂತರು.

"ಕೊಳಗ ಎಲ್ಲಿ?"

"ಹಿತ್ತಲ ಕಲ್ಯಾಣೀಲಿ ಐತೆ. ನಿನ್ನೆ ರಾತ್ರಿ ಮಂಗಳಾರತಿ ಗಂಟೆ ಸದ್ದಲ್ಲಿ ಉರುಳಿಸ್ಕೊಂಡ್ ಹೋಗಿ ಮೆಟ್ಟಿಲಿಂದ ತಳ್ಬುಟ್ಟೆ ಕಣವ್ವ."

"ಯಾಕೆ?"

"ಅದ್ರ ಮೇಲಿರೋ ನರಸಮ್ಮ ನಾನೇ. ಸೊಸೆ ಮೇಲೆ ಮುನಿಸ್ಕೊಂಡು ನಾನೇ ಮನೆ ಬಿಟ್ ಬಂದೆ, ತಪ್ಪು ನಂದೂ ಐತೆ. ವರ್ಷಗಟ್ಲೆ ಸುಳಿವಿಲ್ಲ ಅಂತ ಸತ್ತೋದ್ಲು ಅಂದ್ಕೊಂಡವ್ರೆ. ಕೊಳಗ ಕೊಟ್ಟ ದಿನ ಅಯ್ನೋರು ನನ್ ಆತ್ಮಕ್ಕೆ ಶಾಂತಿ ಸಿಗ್ಲಿ ಅಂದ್ರು. ನನ್ ಮಗನೇ ನನ್ ತಟ್ಟೆಗೆ ಬಡುಸ್ದ. ತಟ್ಟೆ ನೋಡ್ದ, ಮೊಕ ನೋಡ್ಲಿಲ್ಲ. ನನ್ ತಿಥಿ ಅನ್ನ ನಾನೇ ಹೆಂಗವ್ವ ಉಣ್ಲಿ?"

ಹಿಂದೆ ನಿಂತಿದ್ದ ಸುಬ್ಬರಾಮ ತಲೆ ತಗ್ಗಿಸಿದರು. ಇಷ್ಟು ದಿನ ಅನ್ನ ಹಾಕಿದ ತಾವೂ ಅವಳ ಹೆಸರು ಕೇಳಿರಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಕೆಂಪರಾಜು ಪಾಚಿಯೊಳಗಿಂದ ಕೊಳಗವನ್ನು ಎತ್ತಿಸಿದ. ವಶಪಡಿಸಿಕೊಂಡ ಬಗ್ಗೆ ಮಹಜರು ಆಯಿತು. ಕಾನೂನು ಕಾನೂನೇ, ನರಸಮ್ಮನ ಬಂಧನವನ್ನು ದಾಖಲಿಸಿ ಮಧ್ಯಾಹ್ನ ನ್ಯಾಯಾಲಯಕ್ಕೆ ಕರೆದೊಯ್ದರು. ಜಾಮೀನಿಗೆ ದರ್ಗಾದ ಮುಜಾವರರೂ ಚರ್ಚಿನ ಫಾದರೂ ನಿಂತರು. ವಿಳಾಸ ಕೇಳಿದಾಗ ನರಸಮ್ಮ ಸುಬ್ಬರಾಮರ ಕಡೆ ನೋಡಿದಳು. ದೂರು ಕೊಟ್ಟಿದ್ದ ಸುಬ್ಬರಾಮರೇ ಮುಂದೆ ಬಂದು ಛತ್ರದ ವಿಳಾಸ ಬರೆಸಿದರು. ಬದುಕಿರುವವಳಿಗೆ ಶಾಂತಿ ಕೋರಿದ ಪಾಪ ನಮ್ಮದು ಎಂದು ಅರ್ಚಕರು ಹೇಳಿದ ಮೇಲೆ ಟ್ರಸ್ಟಿನವರು ಬೀಗದ ಮಾತೆತ್ತಲಿಲ್ಲ.

ನ್ಯಾಯಾಲಯ ಕೊಳಗವನ್ನು ಬಿಟ್ಟುಕೊಟ್ಟ ದಿನ ಉಷಾರಾಣಿ ಛತ್ರಕ್ಕೆ ಹೋಗಿದ್ದರು. ಕೊಳಗದ ಮೇಲಿನ 'ದಿವಂಗತ' ಎಂಬ ಮಾತನ್ನು ಪಾತ್ರೆಯವನು ಉಜ್ಜಿ ತೆಗೆದಿದ್ದ. ಸುದ್ದಿ ತಿಳಿದು ಓಡಿ ಬಂದಿದ್ದ ಬಚ್ಚಪ್ಪ ಬಾಗಿಲಲ್ಲೇ ನಿಂತಿದ್ದ. ಅವ್ವನ ಎದುರಿಗೆ ಬರುವ ಧೈರ್ಯ ಅವನಿಗಿರಲಿಲ್ಲ.

"ಕೂತ್ಕೋ. ಉಂಡ್ಕೊಂಡ್ ಹೋಗು," ಎಂದಳು ನರಸಮ್ಮ.

ಅವನು ಪಂಕ್ತಿಯ ಕೊನೆಯಲ್ಲಿ ಕೂತ. ಅವಳು ಸೌಟು ಹಿಡಿದು ಬಂದು, ಮೊದಲು ಅವನ ಮುಖ ನೋಡಿ, ಆಮೇಲೆ ತಟ್ಟೆಗೆ ಬಡಿಸಿದಳು.